ದಾಸೋಹದ ಪಂಕ್ತಿಯಲ್ಲಿ ವಿಶೇಷಚೇತನ ಮಕ್ಕಳು



ದೀಪಾವಳಿ ಮುಗಿದು ಹಿಂಗಾರಿ ಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ನಮ್ಮ ಕನ್ನಡ ಶಾಲೆಗಳಲ್ಲಿ ಎರಡು ಕೆಲಸಗಳು ಒಟ್ಟಿಗೇ ಶುರುವಾಗುತ್ತವೆ. ಒಂದು, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದು. ಇನ್ನೊಂದು, ಶಾಲೆಯ ಸಲುವಾಗಿ ಊರೂರು ತಿರುಗಿ ಪಟ್ಟಿ ಎತ್ತುವುದು. ಈ ತಿಂಗಳ ಅಭ್ಯಾಸ ಪಾಠಕ್ಕೆ ನಾವು ಈ ಎರಡು ಕೆಲಸಗಳನ್ನೇ ಆರಿಸಿಕೊಂಡಿದ್ದೇವೆ. ನಡೆಯಲಾರದ, ಕಾಣಲಾರದ, ಕೇಳಲಾರದ, ಬುದ್ಧಿ ನಿಧಾನವಾಗಿ ಬೆಳೆಯುತ್ತಿರುವ ಮಕ್ಕಳಿಗೆ ಇವೆರಡರಲ್ಲೂ ಸಲ್ಲಬೇಕಾದ ಸ್ಥಾನ ಸಂದಿದೆಯೇ ಎಂಬುದು ಇಲ್ಲಿನ ಪ್ರಶ್ನೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಕಳೆದ ವರ್ಷ ಶಾಲೆಯೊಂದಕ್ಕೆ ಎರಡು ಕೋಣೆ ಮತ್ತು ಆವಾರದ ಗೋಡೆ ಕಟ್ಟಿಸಬೇಕೆಂದು ಪಾವತಿ ಪುಸ್ತಕ ಅಚ್ಚು ಹಾಕಿಸಿದೆವು. ಅದರ ಮೇಲುಹೊದಿಕೆಗೆ ಯಾವ ಚಿತ್ರ ಹಾಕಬೇಕೆಂಬ ಮಾತು ಬಂದಾಗ, ಐದನೆಯ ಇಯತ್ತೆಯಲ್ಲಿ ಓದುವ, ಗಾಲಿಕುರ್ಚಿಯ ಮೇಲೆ ಕೂತಿರುವ ಹುಡುಗಿಯ ಚಿತ್ರ ಹಾಕಿದರೆ ಜನರ ಮನ ಕರಗುತ್ತದೆ ಎಂದು ಒಬ್ಬರು ಸೂಚಿಸಿದರು. ಎಲ್ಲರೂ ಒಪ್ಪಿದೆವು. ಮನ ಕರಗಿದ್ದೂ ನಿಜ, ಹಣ ಬಂದದ್ದೂ ನಿಜ. ಮುಂದೆ ಪ್ರವಾಸದ ದಿನ ಗೊತ್ತಾಯಿತು. ವಿಜಯಪುರ ನೋಡಿಕೊಂಡು ಕೂಡಲಸಂಗಮಕ್ಕೆ ಹೋಗಿಬರುವುದು. ಆ ಹುಡುಗಿಯ ಮನೆಗೆ ಮಾತ್ರ, ಅವಳಿಗೆ ತ್ರಾಸವಾಗುತ್ತದೆ, ಮನೆಯಲ್ಲೇ ಇರಲಿ ಎಂದು ಶಾಲೆಯಿಂದ ಹೇಳಿ ಕಳಿಸಲಾಯಿತು. ಬಸ್ಸು ಹೋಗಿ ಬಂದ ಮೂರನೆಯ ದಿನ ಆಕೆಯ ತಾಯಿ ಮಠದ ಕಚೇರಿಗೆ ಬಂದರು. ಕೈಯಲ್ಲಿ ಅದೇ ಪಾವತಿ ಪುಸ್ತಕದ ಹಾಳೆ ಇತ್ತು. "ಅಣ್ಣಾರ, ಫೋಟೋದಾಗ ನಮ್ಮ ಹುಡುಗಿ ಬೇಕ್ರಿ, ಬಸ್ಸಿನ್ಯಾಗ ಬ್ಯಾಡೇನ್ರಿ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಇದರಲ್ಲಿ ಯಾರ ಕೆಡುಕು ಮನಸ್ಸೂ ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ದಾರಿಯಲ್ಲಿ ಏನಾದರೂ ಆದರೆ ಹೊಣೆ ಯಾರು ಎಂಬ ಭಯ ಗುರುಗಳಿಗಿತ್ತು. ಚಿತ್ರ ಹಾಕಿದವರಿಗೆ ಅನುಕಂಪವಿತ್ತು. ಆದರೂ ಕೈಯೊಡ್ಡುವಾಗ ಎಲ್ಲರಿಗಿಂತ ಮುಂದೆ ನಿಲ್ಲಿಸಿದ ಮಗುವನ್ನು ನಕ್ಕು ನಲಿಯುವಾಗ ಹಿಂದೆ ಬಿಟ್ಟೆವು.

ದಾನ ಬೇರೆ, ದಾಸೋಹ ಬೇರೆ ಎಂದು ನಾವು ಪ್ರವಚನಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನು ತಾನೇ ದಾಸನೆಂದು ತಿಳಿಯುತ್ತಾನೆ. ಉಣ್ಣುವವರೆಲ್ಲ ಒಂದೇ ಪಂಕ್ತಿ. ಮಠದ ಪ್ರಸಾದ ನಿಲಯದಲ್ಲಿ ಸಾಹುಕಾರರ ಮಗನಿಗೂ ಕೂಲಿಯವನ ಮಗನಿಗೂ ಒಂದೇ ಸಾಲು ಹಾಕುವ ನಾವು, ಈ ಹುಡುಗಿಗೆ ಬೇರೆ ಸಾಲು ಹಾಕಿದಂತಾಯಿತು. ಆಕೆಯನ್ನು ನೆನೆದು ಜನ ದಾನ ಮಾಡಿದರು. ದಾಸೋಹ ಮಾತ್ರ ಆಗಲಿಲ್ಲ.

ನಮ್ಮ ಭಾಗದವರಿಗೆ ಈ ಮಾತು ತಿಳಿಯಲು ದೂರ ಹೋಗಬೇಕಿಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಬಾಲ್ಯವನ್ನು ರಾಘವಾಂಕ ಕವಿ ಸಿದ್ಧರಾಮ ಚಾರಿತ್ರದಲ್ಲಿ ವರ್ಣಿಸಿದ್ದಾನೆ. ಮುದ್ದುಗೌಡ, ಸುಗ್ಗವ್ವೆಯರ ಈ ಮಗು ಉಳಿದ ಮಕ್ಕಳಂತೆ ಇರಲಿಲ್ಲ. ಮಂದನೆಂದು ಬಗೆದು ತಂದೆತಾಯಿಗಳು ದನ ಕಾಯಲು ಹಚ್ಚಿದ್ದರು. ಹೊಲದಲ್ಲಿ ಜಂಗಮನಾಗಿ ಬಂದ ಮಲ್ಲಯ್ಯ ಉಣ್ಣಲು ಬೇಡಿದ, ಹುಡುಗ ಮನೆಗೋಡಿ ತರುವಷ್ಟರಲ್ಲಿ ಕಾಣದಾದ. ಮಲ್ಲಯ್ಯನನ್ನು ಹುಡುಕುತ್ತ ಅಳುತ್ತಿದ್ದ ಆ ಹುಡುಗ ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಜೊತೆ ನಡೆದ. ಯೋಚಿಸಿರಿ, ಈ ಹುಡುಗ ಎಲ್ಲರಂತಲ್ಲ, ದಾರಿಯಲ್ಲಿ ತೊಂದರೆ ಕೊಡುತ್ತಾನೆ ಎಂದು ಆ ಯಾತ್ರಿಕರು ಹಿಂದಕ್ಕೆ ಅಟ್ಟಿದ್ದರೆ? ಸಂಕ್ರಾಂತಿಗೆ ಸೊಲ್ಲಾಪುರದ ಜಾತ್ರೆಯಲ್ಲಿ ನಂದಿಕೋಲಿಗೆ ಕೈ ಮುಗಿಯುವಾಗ ಆ ಹೆಸರಿಲ್ಲದ ಯಾತ್ರಿಕರನ್ನೂ ಒಮ್ಮೆ ನೆನೆಯಬೇಕು.

ಇನ್ನು ಕಾಯಿದೆಯ ಮಾತು. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯಿದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದರೆ ಇದರಲ್ಲಿ 21 ಇವೆ. ಹೊರಗೆ ಕಣ್ಣಿಗೆ ಕಾಣದ ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣದ ರಕ್ತದೋಷ, ಆಟಿಸಂ, ಕಲಿಕೆಯ ನ್ಯೂನತೆ ಇವೆಲ್ಲ ಆ ಪಟ್ಟಿಯಲ್ಲಿವೆ. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಾಲೆಯೂ ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಪಾಠದಲ್ಲಷ್ಟೇ ಅಲ್ಲ, ಆಟ ಮತ್ತು ಮನರಂಜನೆಯ ಕಾರ್ಯಗಳಲ್ಲೂ ಉಳಿದವರಿಗೆ ಸಮನಾದ ಅವಕಾಶ ಕೊಡಬೇಕೆಂದು ಅದರ 16ನೆಯ ಕಲಮು ಹೇಳುತ್ತದೆ. ನಮ್ಮ ತಿಳುವಳಿಕೆಯಂತೆ ಪ್ರವಾಸವೂ ಇದರಲ್ಲೇ ಬರುತ್ತದೆ. ಹೆಸರುಗಳು ಮಾತ್ರ ಬದಲಾಗುತ್ತಲೇ ಇವೆ. ಅಂಗವಿಕಲ ಹೋಗಿ ವಿಕಲಚೇತನ ಬಂತು, ಆಮೇಲೆ ವಿಶೇಷಚೇತನ, ಗಡಿಯ ಈಚೆ ಮರಾಠಿಯಲ್ಲಿ ದಿವ್ಯಾಂಗ. ಹೆಸರು ಬದಲಿಸಲು ಖರ್ಚಿಲ್ಲವಲ್ಲ!

ಪ್ರವಾಸದಲ್ಲಿ ತೊಡಕು ಎಲ್ಲಿ ಬರುತ್ತದೆ ಎಂಬುದನ್ನು ನಮ್ಮ ಮಕ್ಕಳು ಹೆಚ್ಚಾಗಿ ಹೋಗುವ ಎರಡು ಸ್ಥಳಗಳಿಂದಲೇ ತಿಳಿಯಬಹುದು. ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋಗಬೇಕಾದರೆ ಮೂಲೆಯ ಗೋಪುರಗಳ ಒಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಬೇಕು. ಗಾಲಿಕುರ್ಚಿ ಅಲ್ಲಿಗೆ ಏರುವುದಿಲ್ಲ, ಯಾರನ್ನಾದರೂ ಹೊತ್ತು ಏರುವುದೂ ಅಪಾಯ. ಹಾಗೆಂದು ಆ ಮಗು ಬರುವುದೇ ಬೇಡ ಎನ್ನಬೇಕಿಲ್ಲ. ತರಗತಿಯನ್ನು ಎರಡು ಗುಂಪು ಮಾಡಿ ಒಂದು ಗುಂಪು ಮೇಲೆ ಹೋದಾಗ ಇನ್ನೊಂದು ಕೆಳಗೆ ಮುಂಭಾಗದ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದ ಹತ್ತಿರ, ಹುಲ್ಲಿನ ಅಂಗಳದಲ್ಲಿ ಇರಬಹುದು. ಆಗ ಕೆಳಗುಳಿದ ಮಗು ಒಂಟಿಯಾಗುವುದಿಲ್ಲ, ಚೀಲ ಕಾಯುವ ಕೆಲಸ ಅದರ ಪಾಲಿಗೆ ಬರುವುದಿಲ್ಲ. ಹೆಚ್ಚಿನ ಶಾಲೆಗಳು ಇಂಥ ಮಗುವನ್ನು ಕರೆದೊಯ್ದರೂ ಚೀಲ ಕಾಯಲು ಕೂರಿಸುತ್ತವೆ; ಅದನ್ನು ನಾವೇ ಕಂಡಿದ್ದೇವೆ.

ಇನ್ನೊಂದು ಸೂಕ್ಷ್ಮ. ಐವತ್ತು ಮಕ್ಕಳು ಕೂಗಿ ಆ ಕೂಗು ಏಳೆಂಟು ಸಲ ಮರಳಿ ಬರುವುದು ನಮಗೆ ಸೋಜಿಗ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಅದು ಕಿವಿಯಲ್ಲಿ ಸೂಜಿ ಚುಚ್ಚಿದಂತೆ. ಅಂಥ ಮಗು ಅಲ್ಲಿ ಕಿರುಚಿದರೆ, ಓಡಿದರೆ ಅದು ಹಟವಲ್ಲ. ಬೆಳಿಗ್ಗೆ ಗದ್ದಲ ಏಳುವ ಮುಂಚೆಯೇ ಒಳಗೆ ಕರೆದೊಯ್ದು, ಸಾಕೆಂದಾಗ ಹೊರಗೆ ಕರೆತರಲು ಒಬ್ಬರು ಜೊತೆಗಿದ್ದರೆ ಆಯಿತು.

ಕೂಡಲಸಂಗಮದ ಮಾತು ನಮಗೆ ಇನ್ನೂ ಹತ್ತಿರದ್ದು. ಬಸವಣ್ಣನವರ ಐಕ್ಯಮಂಟಪಕ್ಕೆ ನೀರಿನ ನಡುವೆ ಕಟ್ಟಿದ ಬಾವಿಯಂಥ ಕಟ್ಟಡದೊಳಗೆ ಮೆಟ್ಟಿಲು ಇಳಿದು ಹೋಗಬೇಕು. ಲಿಂಗಾಯತ ಮಗುವೊಂದು ಅಲ್ಲಿಯವರೆಗೆ ಬಂದು ಮೇಲೆಯೇ ನಿಲ್ಲಬೇಕಾದರೆ ಅದರ ಮನಸ್ಸಿಗೆ ಏನಾಗಬೇಕು? ಇಲ್ಲಿ ಇಬ್ಬರು ಗಟ್ಟಿ ಆಳುಗಳಿದ್ದರೆ ಮಗುವನ್ನು ಎತ್ತಿಕೊಂಡು ಇಳಿಯಬಹುದು. ಆದರೆ ಮೊದಲು ಮಗುವನ್ನೇ ಕೇಳಬೇಕು: ಎತ್ತಿಕೊಳ್ಳಲೇ, ಯಾರು ಎತ್ತಿಕೊಳ್ಳಲಿ, ಹೇಗೆ ಹಿಡಿದರೆ ನೋವಾಗುವುದಿಲ್ಲ ಎಂದು. ಬೆಳೆದ ಹೆಣ್ಣುಮಗುವಾದರೆ ತಾಯಿಯೋ ಅತ್ತೆಯೋ ಜೊತೆಗಿರುವುದು ಲೇಸು. ಇಳಿಯುವುದು ಬೇಡ ಎಂದು ಮಗು ಹೇಳಿದರೆ ಅದೂ ಸರಿಯೇ. ಅರ್ಧ ತರಗತಿ ಮೇಲೆ ಕೃಷ್ಣೆ ಮಲಪ್ರಭೆಯರು ಕೂಡುವ ಕಡೆ ಮುಖ ಮಾಡಿ ಕೂತು ಬಸವಣ್ಣನವರ ಕಥೆ ಕೇಳಲಿ.

ಇವೆಲ್ಲಕ್ಕಿಂತ ದೊಡ್ಡ ತೊಡಕು ಶೌಚಾಲಯದ್ದು. ದಾರಿಯಲ್ಲಿ ಎಲ್ಲಿ ಹೋಗಬೇಕೋ ಎಂಬ ಅಂಜಿಕೆಗೆ ಈ ಮಕ್ಕಳು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ ಎಂದು ಆ ತಾಯಿ ಹೇಳಿದಾಗ ನಮಗೆ ನಾಚಿಕೆಯಾಯಿತು. ಸೊಲ್ಲಾಪುರದಿಂದ ವಿಜಯಪುರ ಸುಮಾರು ನೂರು ಕಿಲೋಮೀಟರ್. ಪ್ರವಾಸಕ್ಕೆ ಮುಂಚೆ ಗುರುಗಳೊಬ್ಬರು ಆ ದಾರಿಯಲ್ಲಿ ಒಮ್ಮೆ ಹೋಗಿ, ಯಾವ ಪೆಟ್ರೋಲ್ ಪಂಪಿನಲ್ಲಿ, ಯಾವ ಖಾನಾವಳಿಯಲ್ಲಿ ಮೆಟ್ಟಿಲಿಲ್ಲದ, ಅಗಲ ಬಾಗಿಲಿನ ಶೌಚಾಲಯವಿದೆ ಎಂದು ಗುರುತು ಹಾಕಿಕೊಂಡು ಬರಬೇಕು. ಊಟದ ವೇಳೆ, ಔಷಧದ ವೇಳೆ ಬರೆದ ಚೀಟಿ ಗುರುಗಳ ಜೇಬಿನಲ್ಲಿರಬೇಕು.

ಇನ್ನು ಖರ್ಚು. ವ್ಯಾಪಾರಸ್ಥ ಬಂಧುಗಳು ಮೊದಲು ಕೇಳುವುದು ಇದನ್ನೇ, ನಾವೂ ಕಾಮರ್ಸ್ ಓದಿದವರಾದ್ದರಿಂದ ತಪ್ಪು ತಿಳಿಯುವುದಿಲ್ಲ. ತಿಳಿವಿಗಾಗಿ ಒಂದು ಲೆಕ್ಕ ಹಾಕೋಣ. 50 ಮಕ್ಕಳು, ಬಸ್ಸಿನ ಬಾಡಿಗೆ 20,000 ರೂಪಾಯಿ, ಊಟ, ತಿಕೀಟು 10,000. ಒಟ್ಟು 30,000, ತಲೆಗೆ 600. ವಿಶೇಷಚೇತನ ಮಗುವಿನ ಜೊತೆಗಾರರ ಊಟ, ಗಾಲಿಕುರ್ಚಿ ಏರಿಸಲು ಮಡಚುವ ಹಲಗೆ ಎಂದು 1,500 ರೂಪಾಯಿ ಹೆಚ್ಚು ಬಂತೆನ್ನಿ. ಅದನ್ನು ಆ ಮನೆಯವರ ಹೆಸರಿಗೇ ಹಾಕಿದರೆ ಅವರು 2,100 ಕೊಡಬೇಕು, ಅಂದರೆ ಮಗು ಮನೆಯಲ್ಲೇ ಉಳಿಯುತ್ತದೆ. ಒಟ್ಟು ಖರ್ಚಿಗೆ ಸೇರಿಸಿ ಹಂಚಿದರೆ ತಲೆಗೆ 630. ಹೆಚ್ಚಾದದ್ದು 30 ರೂಪಾಯಿ. ಗುರುಗಳ ಊಟ, ಡ್ರೈವರನ ಚಹಾ ಇವನ್ನು ಎಲ್ಲ ಮಕ್ಕಳ ಮೇಲೆ ಹಂಚುವಾಗ ಯಾರೂ ತಕರಾರು ಮಾಡುವುದಿಲ್ಲ. ಇದನ್ನೂ ಅದೇ ಖಾತೆಗೆ ಹಾಕಬೇಕು, ಬೇರೆ ಖಾತೆ ತೆಗೆಯಬಾರದು.

ರೈಲಿನಲ್ಲಿ ಹೋಗುವುದಾದರೆ ಉಳಿತಾಯವೂ ಉಂಟು. ಸಹಾಯಕರಿಲ್ಲದೆ ಪ್ರಯಾಣ ಮಾಡಲಾರದ ಅಂಗವಿಕಲರಿಗೆ ಮತ್ತು ಬುದ್ಧಿಮಾಂದ್ಯರಿಗೆ, ಪೂರ್ಣ ಅಂಧರಿಗೆ ಎರಡನೆಯ ದರ್ಜೆ ಹಾಗೂ ಸ್ಲೀಪರಿನಲ್ಲಿ ನೂರಕ್ಕೆ 75, ಕಿವಿ ಮಾತು ಎರಡೂ ಇಲ್ಲದವರಿಗೆ ನೂರಕ್ಕೆ 50 ರಿಯಾಯಿತಿ ಇದೆ. ಜೊತೆಗೆ ಬರುವ ಒಬ್ಬರಿಗೂ ಅಷ್ಟೇ ರಿಯಾಯಿತಿ. ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಪ್ರವಾಸದ ಹಿಂದಿನ ದಿನ ಓಡಾಡಿದರೆ ಆಗುವುದಿಲ್ಲ.

ನಮ್ಮ ಮಕ್ಕಳು ಐದು ಸ್ಥಳ ನೋಡುವಲ್ಲಿ ನಾಲ್ಕೇ ನೋಡಬೇಕಾಗುತ್ತದಲ್ಲ ಎಂದು ಕೆಲವು ಪಾಲಕರು ಹೇಳುತ್ತಾರೆ. ಹೌದು, ನಾಲ್ಕೇ ಆಗಬಹುದು. ಇದನ್ನು ಮುಚ್ಚಿಟ್ಟು ಮಾತಾಡುವುದಿಲ್ಲ. ಇನ್ನು ವೈದ್ಯರೇ ಬೇಡವೆಂದ ಮಗುವನ್ನು ಒಯ್ಯಲಾಗದು. ಆದರೆ ಆ ತೀರ್ಮಾನ ತಂದೆತಾಯಿ ಮತ್ತು ವೈದ್ಯರದ್ದು. ಶಾಲೆಯವರು ಮನೆಗೆ ಹೇಳಿಕಳಿಸಿ ಮುಗಿಸುವಂಥದ್ದಲ್ಲ.

ಪಟ್ಟಿ ಎತ್ತುವ ಕೆಲಸಕ್ಕೆ ಬರೋಣ. ಕೆಲವು ಶಾಲೆಗಳಲ್ಲಿ ಹೆಚ್ಚು ಪಾವತಿ ಹರಿದ ಮಗುವಿಗೆ ಬಹುಮಾನ ಅಥವಾ ಉಚಿತ ಪ್ರವಾಸ ಎಂಬ ಪದ್ಧತಿ ಇದೆ. ಕಾಲಿಲ್ಲದ ಮಗು ಎಷ್ಟು ಮನೆ ತಿರುಗೀತು? ಅಡತಿ ಅಂಗಡಿಯ ಮಾಲೀಕರ ಮಗ ಅಪ್ಪನ ಗಿರಾಕಿಗಳಿಂದಲೇ ಪುಸ್ತಕ ಮುಗಿಸುತ್ತಾನೆ. ಇಂಥ ಪೈಪೋಟಿಯನ್ನು ನಿಲ್ಲಿಸುವುದೇ ಒಳ್ಳೆಯದು. ಮಕ್ಕಳ ಸಂತೆ ಇದಕ್ಕಿಂತ ಮೇಲು. ಅಲ್ಲಿ ತೂಗುವ, ಎಣಿಸುವ, ಕೂಗಿ ಕರೆಯುವ, ಕಟ್ಟಿಕೊಡುವ ಕೆಲಸಗಳಿವೆ. ಯಾರಿಗೆ ಯಾವುದು ಬೇಕೋ ಕೇಳಿ ಹಚ್ಚಬಹುದು. ಆಗ ವಿಶೇಷಚೇತನ ಮಗುವೂ ದಾಸೋಹಿಯಾಗುತ್ತದೆ.

ಇದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಿದರ್ಶನ ನಮ್ಮ ಮುಂದಿದೆ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳೂ, ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಕಣ್ಣಿಲ್ಲದವರು. ಅಂಧ ಮತ್ತು ಅನಾಥ ಮಕ್ಕಳ ಅನ್ನ, ವಿದ್ಯೆಗಾಗಿ ಪುಟ್ಟರಾಜರು ನಾಟಕ ಕಂಪನಿ ಕಟ್ಟಿ ಹಣ ಕೂಡಿಸಿದರು. ಜನ ತಿಕೀಟು ಕೊಂಡು ನಾಟಕ ನೋಡಿದರು, ಸಂಗೀತ ಕೇಳಿದರು. ಅಲ್ಲಿ ಮುಂದಿಟ್ಟದ್ದು ಮಕ್ಕಳ ಕುರುಡುತನವನ್ನಲ್ಲ, ಕಾಯಕವನ್ನು.

ಚಿತ್ರದ ವಿಷಯ. ಮಗುವಿನ ಚಿತ್ರ ಹಾಕಲೇಬೇಕಾದರೆ ತಂದೆತಾಯಿಗಳ ಒಪ್ಪಿಗೆ ಬರಹದಲ್ಲಿ ಬೇಕು, ತಿಳುವಳಿಕೆ ಬಂದ ಮಗುವಿನ ಒಪ್ಪಿಗೆಯೂ ಬೇಕು. ಒಪ್ಪದಿದ್ದರೆ ಪ್ರವೇಶಕ್ಕೆ ತೊಂದರೆಯಾದೀತು ಎಂಬ ಅಂಜಿಕೆಯಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ.

ಹಣದ ವಿಷಯ ಇನ್ನೂ ಗಂಭೀರ. ಆ ಹುಡುಗಿಯ ಚಿತ್ರ ತೋರಿಸಿ ಕಟ್ಟಿಸಿದ ಎರಡು ಕೋಣೆಗಳ ಬಾಗಿಲಿಗೆ ಮೂರು ಮೆಟ್ಟಿಲುಗಳಿದ್ದವು. ಅವಳ ಕುರ್ಚಿ ಒಳಗೆ ಹೋಗುತ್ತಿರಲಿಲ್ಲ. ಒಬ್ಬ ಗಿರಾಕಿ ಇಟ್ಟ ಠೇವಣಿಯನ್ನು ಇನ್ನೊಬ್ಬನ ಖಾತೆಗೆ ಜಮಾ ಮಾಡುವ ವ್ಯಾಪಾರಿಯನ್ನು ನಾವು ಏನೆನ್ನುತ್ತೇವೆ? ಯಾವ ಮಕ್ಕಳ ಹೆಸರಿನಲ್ಲಿ ಹಣ ಬಂತೋ ಆ ಹಣ ಕೀರ್ದಿಯಲ್ಲಿ ಬೇರೆ ಖಾತೆಯಾಗಿ ನಿಲ್ಲಬೇಕು, ಆ ಮಕ್ಕಳಿಗೇ ಖರ್ಚಾಗಬೇಕು. ಮಹಾರಾಷ್ಟ್ರದಲ್ಲಿ ನೋಂದಾಯಿತ ಸಂಸ್ಥೆಗಳು 1950ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯಂತೆ ಲೆಕ್ಕ ತಪಾಸಣೆ ಮಾಡಿಸಿ ಧರ್ಮದಾಯ ಆಯುಕ್ತರ ಕಚೇರಿಗೆ ಸಲ್ಲಿಸುತ್ತೇವೆ, ಅದು ಸರಿ. ಅದರ ಒಂದು ಪ್ರತಿಯನ್ನು ಶಾಲೆಯ ಬಾಗಿಲಿಗೂ ಅಂಟಿಸಬೇಕು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲಿಲ್ಲ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಆ ಕಣ್ಣು ನಮ್ಮ ಲೆಕ್ಕಪತ್ರಗಳ ಮೇಲಿರಲಿ.

ಪೂಜ್ಯ ಶ್ರೀಗಳ ಅಪ್ಪಣೆಯಂತೆ ಹಳೆಯ ಪಾವತಿ ಪುಸ್ತಕಗಳನ್ನು ಹಿಂದಕ್ಕೆ ಪಡೆದಿದ್ದೇವೆ. ಕೋಣೆಗಳಿಗೆ ಇಳಿಜಾರು ದಾರಿ ಕಟ್ಟಿಸಿದ್ದೇವೆ. ಗೌಂಡಿಗಳು ಸಾಮಾನ್ಯವಾಗಿ ಕಡಿದಾಗಿ ಕಟ್ಟುತ್ತಾರೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ ಇದ್ದುದರಿಂದ ಹದಿನೆಂಟು ಅಡಿ ಉದ್ದ ಕಟ್ಟಿಸಬೇಕಾಯಿತು, ಅಂಗಳದ ಒಂದು ಬದಿ ಅದಕ್ಕೇ ಹೋಯಿತು. ಈ ವರ್ಷದ ಪ್ರವಾಸದ ಯಾದಿಯಲ್ಲಿ ಆ ಹುಡುಗಿಯ ಹೆಸರು ಇದೆ, ಆಕೆಯ ತಾಯಿಯೂ ಜೊತೆಗೆ ಬರುತ್ತಾರೆ. ಬಗೆಹರಿಯದೆ ಉಳಿದಿರುವುದು ಬಸ್ಸಿನದು. ಮೊದಲ ಮೆಟ್ಟಿಲೇ ಬಹಳ ಎತ್ತರ, ಬಾಗಿಲೂ ಇಕ್ಕಟ್ಟು. ತಗ್ಗಾದ ಮೆಟ್ಟಿಲು, ಅಗಲ ಬಾಗಿಲಿನ ವಾಹನವಿರುವ ಭಕ್ತಾದಿಗಳು ಎಳ್ಳಮಾವಾಸ್ಯೆಯ ಒಳಗೆ ಮಠದ ಕಚೇರಿಗೆ ತಿಳಿಸಬೇಕು. ಬಾಡಿಗೆಯನ್ನು ರೂಢಿಯ ದರದಂತೆ ಕೊಡಲಾಗುವುದು.