ಗೋಬರ್ ಗ್ಯಾಸ್ ಸಹಾಯಧನ: ಪಡೆಯುವ ಸದಸ್ಯರ ಜವಾಬ್ದಾರಿಗಳು



ಸಂಘಕ್ಕೆ ಹಾಕಿದ ಹಾಲಿನ ಲೆಕ್ಕ, ಫ್ಯಾಟಿನ ಲೆಕ್ಕ ನಿಮಗೆ ಬಾಯಿಪಾಠ. ಆದರೆ ಕೊಟ್ಟಿಗೆಯಲ್ಲಿ ದಿನಕ್ಕೆ ಎಷ್ಟು ಕೆ.ಜಿ. ಸಗಣಿ ಸಿಗುತ್ತದೆಂದು ಕೇಳಿದರೆ ಹೆಚ್ಚಿನವರು "ಒಂದೆರಡು ಮಂಕರಿ" ಎನ್ನುತ್ತಾರೆ. ಗೋಬರ್ ಗ್ಯಾಸ್ ಘಟಕದ ಸಹಾಯಧನಕ್ಕೆ ಅರ್ಜಿ ಹಾಕುವ ಮೊದಲು ಈ ಲೆಕ್ಕ ಕೈಯಲ್ಲಿರಲೇಬೇಕು.

ಮನೆಮಟ್ಟದ ಗೋಬರ್ ಗ್ಯಾಸಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಯೋಜನೆ 1981-82ರಿಂದ ಬೇರೆ ಬೇರೆ ಹೆಸರಿನಲ್ಲಿ ನಡೆದು ಬಂದಿದೆ. 2022ರ ನವೆಂಬರಿನಲ್ಲಿ ಹೊರಬಂದ ರಾಷ್ಟ್ರೀಯ ಜೈವಿಕ ಇಂಧನ ಕಾರ್ಯಕ್ರಮದ ಮಾರ್ಗಸೂಚಿಯು 2025-26ರ ವರೆಗಿನ ಅವಧಿಗೆ ದರ ನಿಗದಿ ಮಾಡಿತು. ನಮ್ಮ ಭಾಗದ ಸಾಮಾನ್ಯ ವರ್ಗದವರಿಗೆ 1 ಘನ ಮೀಟರ್ ಘಟಕಕ್ಕೆ 9,800 ರೂಪಾಯಿ, 2ರಿಂದ 4 ಘನ ಮೀಟರಿಗೆ 14,350 ರೂಪಾಯಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಇದೇ ಅಳತೆಗಳಿಗೆ 17,000 ಮತ್ತು 22,000 ರೂಪಾಯಿ. ನೀವು ಅರ್ಜಿ ಹಾಕುವ ದಿನ ಯಾವ ದರ ಜಾರಿಯಲ್ಲಿದೆ, ಈ ವರ್ಷದ ಗುರಿ ಇನ್ನೂ ಉಳಿದಿದೆಯೇ ಎಂಬುದನ್ನು ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಈ ದರಪಟ್ಟಿ ನೋಡಿದವರಿಗೆ ಮೊದಲು ಬರುವ ಆಸೆ ದೊಡ್ಡ ಘಟಕದ್ದು. ಇಲ್ಲೇ ಸ್ವಲ್ಪ ತಡೆಯಿರಿ. 1 ಘನ ಮೀಟರ್ ಘಟಕಕ್ಕೆ ದಿನಕ್ಕೆ 25 ಕೆ.ಜಿ. ಹಸಿ ಸಗಣಿ ಬೇಕು, 2 ಘನ ಮೀಟರಿಗೆ 50 ಕೆ.ಜಿ. ದೊಡ್ಡ ಹಸುವಿಗೆ ಸುಮಾರು 10 ಕೆ.ಜಿ. ಎಂದು ಲೆಕ್ಕ ಹಿಡಿಯುವುದು ವಾಡಿಕೆ. ಎರಡು ಹಸು, ಒಂದು ಪಡ್ಡೆ ಇರುವ ಮನೆಯಲ್ಲಿ ಕಷ್ಟಪಟ್ಟರೆ 25 ಕೆ.ಜಿ. ಆದೀತು. ಹಗಲು ಮೇಯಲು ಬಿಟ್ಟರೆ ಅದರಲ್ಲಿ ಅರ್ಧ ಹೊಲದಲ್ಲೇ ಉಳಿಯುತ್ತದೆ. 4,550 ರೂಪಾಯಿ ಹೆಚ್ಚು ಸಿಗುತ್ತದೆಂದು ಅಂಥ ಮನೆಯವರು 2 ಘನ ಮೀಟರ್ ಕಟ್ಟಿಸಿದರೆ ಸಿಮೆಂಟು, ಇಟ್ಟಿಗೆ, ಕೂಲಿಯ ಹೆಚ್ಚುವರಿ ಖರ್ಚು ಅವರ ತಲೆಯ ಮೇಲೆ ಬೀಳುತ್ತದೆ. ಗ್ಯಾಸು ಮಾತ್ರ ಸಗಣಿ ಇದ್ದಷ್ಟೇ: ಒಂದು ಕೆ.ಜಿ.ಗೆ ಸುಮಾರು 40 ಲೀಟರ್. ಆದ್ದರಿಂದ ಒಂದು ವಾರ ತಕ್ಕಡಿ ಹಿಡಿದು ತೂಗಿ. ಹಾಲು ಬತ್ತಿದ ಹಸುವನ್ನು ಮಾರುವ ಯೋಚನೆ ಇದ್ದರೆ ಅದನ್ನು ಲೆಕ್ಕದಿಂದ ಬಿಡಿ. ಅರ್ಜಿಯಲ್ಲಿ ರಾಸುಗಳ ಸಂಖ್ಯೆಯನ್ನು ಇದ್ದ ಹಾಗೆಯೇ ಬರೆಯಿರಿ. ನೆರೆಮನೆಯ ಎಮ್ಮೆಯನ್ನು ಕಟ್ಟಿ ತೋರಿಸುವುದರಿಂದ ಒಲೆ ಉರಿಯುವುದಿಲ್ಲ.

ಎರಡನೆಯ ಎಚ್ಚರಿಕೆ, ಕಾಗದ ಮುಂದು, ಗುಂಡಿ ಹಿಂದು. ಹೆಸರು ನೋಂದಾಯಿಸಿ, ಮಂಜೂರಾತಿ ಕೈಗೆ ಬಂದ ಮೇಲೆಯೇ ಕೆಲಸ ಆರಂಭಿಸಬೇಕು. ಸಾಲ ಮಾಡಿ ಮೊದಲೇ ಕಟ್ಟಿಸಿ, ಆಮೇಲೆ ಕಚೇರಿಗೆ ಅಲೆಯುವವರ ಪಾಡು ಹೇಳತೀರದು. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಅರ್ಜಿದಾರರ ಹೆಸರಿನಲ್ಲೇ ಇರಲಿ, ಏಕೆಂದರೆ ಹಣ ನೇರ ಖಾತೆಗೆ ಬರುತ್ತದೆ. ಸಂಘದ ಸದಸ್ಯತ್ವ ಹೆಂಡತಿಯ ಹೆಸರಿನಲ್ಲಿ, ಜಾಗ ಮಾವನವರ ಹೆಸರಿನಲ್ಲಿ, ಅರ್ಜಿ ಗಂಡನ ಹೆಸರಿನಲ್ಲಿ ಎಂಬಂತೆ ಆಗದ ಹಾಗೆ ಮನೆಯವರು ಮೊದಲೇ ಕುಳಿತು ತೀರ್ಮಾನಿಸಿ. ಒಂದೇ ಘಟಕಕ್ಕೆ ಎರಡು ಕಡೆಯಿಂದ ಕೇಂದ್ರದ ಸಹಾಯಧನ ಕೇಳುವಂತಿಲ್ಲ.

ಘಟಕ ಒಪ್ಪಿಗೆ ಪಡೆದ ಮಾದರಿಯದಾಗಿರಬೇಕು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ದೀನಬಂಧು ಮಾದರಿ. ಅದರ ಗುಮ್ಮಟದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಗ್ಯಾಸು ನಿಲ್ಲದು. ಮನೆ ಕಟ್ಟುವ ಮೇಸ್ತ್ರಿ ಎಷ್ಟೇ ನಿಪುಣರಾದರೂ ಈ ಕೆಲಸದಲ್ಲಿ ತರಬೇತಿ ಪಡೆದವರೇ ಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆ ತರಬೇತಿ ಕೇಂದ್ರವಿದೆ. ಘಟಕ ಪೂರ್ಣಗೊಳಿಸಿ ಕೊಟ್ಟವರು ಐದು ವರ್ಷ ದುರಸ್ತಿಯ ಖಾತ್ರಿ ನೀಡಬೇಕು. ಅದನ್ನು ಬಾಯಿಮಾತಿನಲ್ಲಿ ಬಿಡದೆ, ತಾರೀಖು ಹಾಕಿಸಿ, ಸಹಿ ಮಾಡಿಸಿ ತೆಗೆದಿಟ್ಟುಕೊಳ್ಳಿ.

ತಪಾಸಣೆಗೆ ಬರುವವರು ಒಲೆ ಉರಿಯುತ್ತದೆಯೇ ಎಂದು ನೋಡುತ್ತಾರೆ. ಘಟಕದ ಜೊತೆ ನಿಮ್ಮ ಫೋಟೋ, ಜಾಗದ ಗುರುತಿನ ಸಮೇತ, ದಾಖಲೆಗೆ ಸೇರುತ್ತದೆ. ಹಾಗಾಗಿ ಮೊದಲ ತುಂಬಿಗೆ ಬೇಕಾದ ಹಲವು ಕ್ವಿಂಟಲ್ ಸಗಣಿಯನ್ನು ಗಾರೆ ಕೆಲಸ ನಡೆಯುವಾಗಲೇ ನೆರಳಿನಲ್ಲಿ, ಒಣಗದಂತೆ ಕೂಡಿಡಿ. ಸಗಣಿಗೆ ಸಮ ನೀರು ಬೆರೆಸಿ, ಹುಲ್ಲುಕಡ್ಡಿ, ಮಣ್ಣು ಆರಿಸಿ ತುಂಬಿ. ಉರಿಯುವ ಗ್ಯಾಸು ಬರಲು ಎರಡು ಮೂರು ವಾರ ಹಿಡಿಯಬಹುದು. ಮೊದಲು ಬರುವುದರಲ್ಲಿ ಗಾಳಿ ಬೆರೆತಿರುತ್ತದೆ, ಅದನ್ನು ಹೊರಗೆ ಬಿಟ್ಟುಬಿಡಿ, ಹೊತ್ತಿಸಬೇಡಿ. ಕೊಳವೆ ಸೋರುತ್ತಿದೆಯೇ ಎಂದು ಸಾಬೂನು ನೀರು ಹಚ್ಚಿ ನೋಡಬೇಕೇ ಹೊರತು ಬೆಂಕಿಕಡ್ಡಿ ಗೀರಿ ಅಲ್ಲ. ಮಕ್ಕಳಾಗಲಿ ದೊಡ್ಡವರಾಗಲಿ ಯಾವ ಕಾರಣಕ್ಕೂ ಘಟಕದ ಒಳಗೆ ಇಳಿಯಬಾರದು. ಖಾಲಿ ಕಂಡರೂ ಒಳಗೆ ವಿಷಾನಿಲ ಇರುತ್ತದೆ, ಒಬ್ಬರನ್ನು ಎತ್ತಲು ಹೋದ ಇನ್ನೊಬ್ಬರೂ ಜೀವ ಕಳೆದುಕೊಳ್ಳುತ್ತಾರೆ.

ಹಣ ಖಾತೆಗೆ ಬಂದ ಮೇಲೂ ಘಟಕ ನಡೆಸುವ ಹೊಣೆ ನಿಮ್ಮದೇ. ಪಶುವೈದ್ಯನಾಗಿ ಇಲ್ಲೊಂದು ವಿಷಯ ಒತ್ತಿ ಹೇಳಬೇಕಾಗಿದೆ. ಗ್ಯಾಸು ಮಾಡುವುದು ಕಣ್ಣಿಗೆ ಕಾಣದ ಜೀವಾಣುಗಳು, ಮೆಲುಕು ಹಾಕುವ ಹಸುವಿನ ಹೊಟ್ಟೆಯಲ್ಲಿರುವಂಥವೇ. ಕೊಟ್ಟಿಗೆಗೆ ಫಿನಾಯಿಲ್ ಅಥವಾ ಬ್ಲೀಚಿಂಗ್ ಪುಡಿ ಹಾಕಿ ತೊಳೆದ ನೀರು ಘಟಕಕ್ಕೆ ಹರಿದರೆ ಅವು ಸಾಯುತ್ತವೆ. ಆ ನೀರಿಗೆ ಬೇರೆ ಚರಂಡಿ ಮಾಡಿ. ಕೆಚ್ಚಲು ಬಾವಿಗೋ ಗರ್ಭಕೋಶದ ಸೋಂಕಿಗೋ ಆಂಟಿಬಯೋಟಿಕ್ ಪಡೆದ ಹಸುವಿನ ಹಾಲನ್ನು ಸಂಘಕ್ಕೆ ಹಾಕದೆ ತಡೆಯುತ್ತೀರಲ್ಲ, ಅಷ್ಟು ದಿನ ಅದರ ಸಗಣಿಯನ್ನೂ ತಿಪ್ಪೆಗೆ ಹಾಕಿ. ಉರಿ ಜಿಗಿದು ಜಿಗಿದು ಬಂದರೆ ಕೊಳವೆಯಲ್ಲಿ ನೀರು ನಿಂತಿದೆ ಎಂದರ್ಥ, ನೀರಿನ ನಲ್ಲಿ ತಿರುಗಿಸಿ ಬಸಿಯಿರಿ.

ಮದುವೆ, ಜಾತ್ರೆ ಎಂದು ನಾಲ್ಕು ದಿನ ಸಗಣಿ ಹಾಕದಿದ್ದರೆ ಘಟಕ ಕೆಡುವುದಿಲ್ಲ, ಗ್ಯಾಸು ಇಳಿಯುತ್ತದೆ ಅಷ್ಟೆ. ತಿಂಗಳುಗಟ್ಟಲೆ ಬಿಟ್ಟರೆ ಒಳಗೆ ಹೆಪ್ಪುಗಟ್ಟಿ ಮತ್ತೆ ಆರಂಭಿಸುವುದು ಕಷ್ಟ. ಹೊರಬಂದ ಬಗ್ಗಡವನ್ನು ಬಿಸಿಲಿಗೆ ಹರವದೆ, ನೆರಳಿನ ಗುಂಡಿಯಲ್ಲಿ ಕಸಕಡ್ಡಿಯೊಂದಿಗೆ ಪದರ ಪದರವಾಗಿ ಹಾಕಿದರೆ ಸಾರಜನಕ ಆರಿ ಹೋಗುವುದಿಲ್ಲ. ಹಸಿರು ಮೇವಿನ ತಾಕು ಹತ್ತಿರವಿದ್ದರೆ ನೀರಿನೊಂದಿಗೆ ನೇರವಾಗಿ ಹಾಯಿಸಬಹುದು.

ಮಂಜೂರಾತಿ ಪತ್ರ, ಸಾಮಾನಿನ ಬಿಲ್ಲು, ಖಾತ್ರಿ ಪತ್ರ ಇವುಗಳ ಒಂದೊಂದು ಪ್ರತಿಯನ್ನು ಹಾಲಿನ ಪಾಸ್‌ಪುಸ್ತಕದ ಜೊತೆ ಇಟ್ಟಿರಿ. ಐದು ವರ್ಷದೊಳಗೆ ಗುಮ್ಮಟ ಸೋರಿದರೆ ಸಿಮೆಂಟು ತರುವ ಮೊದಲು ಖಾತ್ರಿ ಪತ್ರ ಹಿಡಿದು, ಕಟ್ಟಿಕೊಟ್ಟವರನ್ನು ಕರೆಸಿ.