ಬಾಣಂತನ ಮುಗಿಸಿ ಹೊರಟ ಮಗಳಿಗೆ, ಜೊತೆಗೆ ಅಳಿಯಂದಿರಿಗೂ

ಐದನೇ ತಿಂಗಳಿಗೆ ಪಾಪುವನ್ನು ಕರೆದುಕೊಂಡು ತಿಪಟೂರಿನಿಂದ ಬೆಂಗಳೂರಿಗೆ ಹೊರಟಿದ್ದೀಯ. ಮಡಿಲು ತುಂಬಿಸಿದ್ದಾಯಿತು, ಗಾಣದ ಕೊಬ್ಬರಿ ಎಣ್ಣೆ ಕಟ್ಟಿಕೊಟ್ಟಿದ್ದಾಯಿತು. ಇನ್ನು ಅಲ್ಲಿ ಲಿಫ್ಟಿನಲ್ಲಿ ಸಿಕ್ಕವರೂ ಬುದ್ಧಿ ಹೇಳುತ್ತಾರೆ. ಎಲ್ಲರ ಮಾತೂ ಕೇಳು. ಆದರೆ ಯಾವ ವಿಷಯಕ್ಕೆ ಯಾರ ಮಾತು ನಡೆಯಬೇಕು ಅನ್ನೋದು ನಿಮ್ಮಿಬ್ಬರಿಗೂ ಗೊತ್ತಿರಲಿ.

• ಔಷಧಿ, ಲಸಿಕೆಗೆ ಡಾಕ್ಟರ ಮಾತೇ ಕೊನೆ. ತಾಯಿ ಕಾರ್ಡನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಸೇರಿಸಬೇಡ, ಕೈಗೆ ಸಿಗೋ ಕಡೆ ಇಡು. 6, 10, 14ನೇ ವಾರದ ಚುಚ್ಚುಮದ್ದು ಇಲ್ಲೇ ಆಗಿದೆ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಬೇಕು. ಜ್ವರದ ಔಷಧಿ ಎಷ್ಟು ಹನಿ ಅನ್ನೋದು ಮಗುವಿನ ತೂಕ ನೋಡಿ ಡಾಕ್ಟರು ಹೇಳುವ ಲೆಕ್ಕ. ಪಕ್ಕದ ಮನೆ ಮಗುವಿನ ಲೆಕ್ಕ ನಮ್ಮದಕ್ಕೆ ಆಗೋದಿಲ್ಲ.

• ಅಜ್ಜಿಯರ ಮಾತಿನಲ್ಲೂ ಬಿಡುವಂಥದ್ದು ಇದೆ, ಅಜ್ಜಿಯಾಗಿ ನಾನೇ ಹೇಳುತ್ತೇನೆ. ವರ್ಷ ತುಂಬುವ ತನಕ ನಾಲಿಗೆಗೆ ಜೇನು ಹಚ್ಚಕೂಡದು; ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಎಳೆ ಕರುಳು ತಡೆಯೋದಿಲ್ಲ. ಕಿವಿಗೆ, ಮೂಗಿಗೆ ಎಣ್ಣೆ ಬಿಡೋದು ಬೇಡ. ಕಣ್ಣಿಗೆ ಕಾಡಿಗೆಯೂ ಬೇಡ, ಕೆಲವದರಲ್ಲಿ ಸೀಸ ಇರುತ್ತದೆ. ಅಂಗಾಲಿಗೆ ದೃಷ್ಟಿಬೊಟ್ಟು ಇಡೋಣ ಅಂದರೆ ಈ ವಯಸ್ಸಿಗೆ ಕಾಲೇ ಬಾಯಿಗೆ ಹೋಗುತ್ತೆ. ಮನಸ್ಸು ತಡೆಯದಿದ್ದರೆ ಒಂದು ಹಿಡಿ ಉಪ್ಪು ನಿವಾಳಿಸಿ ಹಾಕು, ಯಾರಿಗೂ ನಷ್ಟವಿಲ್ಲ.

• ಆರು ತಿಂಗಳವರೆಗೆ ಎದೆಹಾಲು ಸಾಕು, ಬೇಸಿಗೆಯಲ್ಲೂ ನೀರು ಬೇಡ. ಆಮೇಲೆ ಹಾಲಿನ ಜೊತೆಗೆ ರಾಗಿ ಸರಿ ಶುರು ಮಾಡು. ರಾಗಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಪುಡಿ ಮಾಡಿಸು. ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಹೊಟ್ಟು ಮೇಲೆ ಉಳಿಯುತ್ತೆ. ಉಪ್ಪು, ಸಕ್ಕರೆ ಹಾಕಬೇಡ. ಮೊದಲ ವಾರ ಎರಡು ಚಮಚ ಹೊಟ್ಟೆಗೆ ಹೋದರೆ ನಾಲ್ಕು ಚಮಚ ಗೋಡೆಗೆ ಹೋಗುತ್ತೆ. ಹಸಿಯಿದ್ದಾಗಲೇ ಒರೆಸು, ಒಣಗಿದ ಸರಿ ಸಿಮೆಂಟಿದ್ದ ಹಾಗೆ.

• ಅಳಿಯಂದಿರೇ, ಇದು ನಿಮಗೆ. ಎದೆಹಾಲು ಕುಡಿಸೋದೊಂದು ಬಿಟ್ಟು ಮಿಕ್ಕ ಕೆಲಸವೆಲ್ಲ ನಿಮ್ಮ ಕೈಲೂ ಆಗುತ್ತೆ: ತೇಗಿಸೋದು, ಲಂಗೋಟಿ ಬದಲಿಸೋದು, ಹೆಗಲ ಮೇಲೆ ಹಾಕಿಕೊಂಡು ಹಾಲಿನಲ್ಲಿ ಓಡಾಡಿಸೋದು. ರಾತ್ರಿ ಪಾಳಿ ಹಂಚಿಕೊಳ್ಳಿ. ಎಚ್ಚರವಿದ್ದೂ ಗೊರಕೆ ಹೊಡೆಯುವ ವಿದ್ಯೆ ನಿಮ್ಮ ಮಾವನವರಿಗೆ ಚೆನ್ನಾಗಿ ಬರುತ್ತಿತ್ತು. ನನಗೆ ಮೊದಲ ವಾರವೇ ಗೊತ್ತಾಗಿತ್ತು, ನಿಮ್ಮ ಹೆಂಡತಿಗೂ ಗೊತ್ತಾಗುತ್ತೆ.

• ಸ್ನಾನ, ಲಾಲಿ, ತೊಟ್ಟಿಲು ತೂಗೋದು ನಿನ್ನ ಅತ್ತೆಯವರಿಗೆ ಬಿಡು. ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವವರು ಸಿಗೋದು ಪುಣ್ಯ. ಬಿಸಿ ಎಷ್ಟಿದೆ ಅಂತ ಮೊಣಕೈ ಅದ್ದಿ ನೋಡಿದರೆ ನಿನ್ನ ಕೆಲಸ ಮುಗಿಯಿತು. ‘ನಮ್ಮಮ್ಮ ಹೀಗೆ ಮಾಡ್ತಿದ್ರು’ ಅನ್ನೋದನ್ನು ಮಾತ್ರ ಅಲ್ಲಿ ಎತ್ತಬೇಡ.

• ರಜೆ ಮುಗಿಯುವ ಮೊದಲೇ ಆಫೀಸಿನಲ್ಲಿ ಶಿಶುಪಾಲನಾ ಕೇಂದ್ರದ ವಿಷಯ ಕೇಳು. 26 ವಾರದ ರಜೆ ಕೊಟ್ಟ 2017ರ ತಿದ್ದುಪಡಿಯೇ, 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಅದೂ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರಬಹುದು ಅಂದಿದೆ. ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಪಡಬೇಡ.

• ಸ್ಕೂಟರಿನಲ್ಲಿ ಮಗುವನ್ನು ಮುಂದೆ ನಿಲ್ಲಿಸಿಕೊಂಡು ಹೋಗೋದು ಯಾರೇ ಹೇಳಿದರೂ ಬೇಡ. 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಇರಬೇಕು, ಸವಾರರಿಗೆ ಸೇರಿಸಿ ಕಟ್ಟುವ ಬೆಲ್ಟ್ ಇರಬೇಕು, ವೇಗ 40 ಕಿಲೋಮೀಟರ್ ದಾಟಬಾರದು ಅಂತ ನಿಯಮವಿದೆ. ಅದಕ್ಕಿಂತ ಚಿಕ್ಕದಿದ್ದಾಗ ಗಾಡಿ ಹತ್ತಿಸಲೇಬೇಡಿ.

• ‘ಯಾಕೋ ಪಾಪು ಇಳಿದುಹೋಗಿದೆ’, ‘ನಮ್ಮದು ಇಷ್ಟು ಹೊತ್ತಿಗೆ ಅಂಬೆಗಾಲು ಇಡ್ತಿತ್ತು’ ಅನ್ನುವವರಿಗೆ ಕಾಫಿ ಕೊಟ್ಟು ಕಳಿಸು. ಕಾರ್ಡಿನಲ್ಲಿ ತೂಕದ ಗೆರೆ ಮೇಲೇರುತ್ತಿದ್ದರೆ ಸಾಕು. ಮೂಗು ಯಾರದ್ದು ಅನ್ನೋ ವ್ಯಾಜ್ಯ ಎರಡೂ ಕಡೆಯವರು ನಡೆಸಿಕೊಳ್ಳಲಿ, ನೀವು ತೀರ್ಪು ಕೊಡಬೇಡಿ.

• ಊಟ ಮಾಡಿಸೋಕೆ ಮೊಬೈಲ್ ಹಿಡಿಯಬೇಡ. ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಸಂಜೆ ವಿಡಿಯೊ ಕಾಲ್‌ನಲ್ಲಿ ನನ್ನ ಮುಖ ತೋರಿಸೋದು ಇದರಲ್ಲಿ ಸೇರಿಲ್ಲ ಅಂತ ನನ್ನ ತೀರ್ಮಾನ.

• ಎಷ್ಟು ಸಮಾಧಾನ ಮಾಡಿದರೂ ಅಳು ನಿಲ್ಲದೆ ನಿನಗೆ ಸಿಟ್ಟು ನೆತ್ತಿಗೇರಿದರೆ, ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ಪಕ್ಕದ ಕೋಣೆಗೆ ಹೋಗಿ ನೀರು ಕುಡಿ. ಎಂಥ ಕೋಪದಲ್ಲೂ ಮಗುವನ್ನು ಅಲುಗಾಡಿಸಬಾರದು, ಮಿದುಳಿಗೆ ಪೆಟ್ಟು ಬೀಳುತ್ತೆ. ಎರಡು ವಾರ ಕಳೆದರೂ ಮನಸ್ಸು ಮಂಕಾಗಿಯೇ ಇದ್ದರೆ ಡಾಕ್ಟರಿಗೆ ಹೇಳು, ಇಲ್ಲವೇ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಬಾಣಂತಿಗೆ ಅದೂ ಒಂದು ಕಾಯಿಲೆಯೇ, ಮುಚ್ಚಿಡೋದು ಬೇಡ.

• ಮಿಕ್ಕದ್ದೆಲ್ಲ ನಿಮ್ಮಿಬ್ಬರ ತೀರ್ಮಾನ. ಜಗಳವಾದರೆ ಅಲ್ಲೇ ಬಗೆಹರಿಸಿಕೊಳ್ಳಿ, ನನ್ನನ್ನು ಪಂಚಾಯ್ತಿಗೆ ಕರೆಯಬೇಡಿ. ಕರೆದರೆ ಬರುತ್ತೇನೆ, ಆದರೆ ಮಾತಾಡೋದು ಮಗಳ ಕಡೆಗೇ.