ಹಠ ಹಿಡಿದ ಚಕ್ರದ ನಟ್ಟು

ಪಂಕ್ಚರ್ ಆದ ಕಾರಿನ ನಟ್ಟುಗಳನ್ನು ಜಾಕ್ ಏರಿಸುವ ಮೊದಲೇ, ಚಕ್ರ ನೆಲಕ್ಕೆ ಊರಿರುವಾಗಲೇ ಸಡಿಲಿಸಬೇಕು. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜಾಕಿನಿಂದ ಜಾರೀತು. ಹ್ಯಾಂಡ್‌ಬ್ರೇಕ್ ಎಳೆದು, ಸ್ಪ್ಯಾನರನ್ನು ನಟ್ಟಿನ ಬುಡದವರೆಗೂ ಕೂರಿಸಿ, ಹಿಡಿ ಎಡಕ್ಕೆ ಅಡ್ಡವಾಗಿ ಚಾಚುವಂತಿಟ್ಟು ಕೆಳಕ್ಕೆ ಒತ್ತಿದರೆ ಮೈಭಾರವೇ ಕೆಲಸ ಮಾಡುತ್ತದೆ. 25 ಸೆಂ.ಮೀ. ಹಿಡಿಗೆ ಗಟ್ಟಿ ಕಬ್ಬಿಣದ ಕೊಳವೆ ತೂರಿಸಿ 50 ಸೆಂ.ಮೀ. ಮಾಡಿದರೆ, ಅಷ್ಟೇ ಒತ್ತಡಕ್ಕೆ ತಿರುಚುವ ಬಲ ಇಮ್ಮಡಿ. ಕರಾವಳಿಯ ಉಪ್ಪುಗಾಳಿಗೆ ತುಕ್ಕು ಕಚ್ಚಿದ್ದರೆ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ 15 ನಿಮಿಷ ಕಾಯುವುದು ಲೇಸು. ‘ಟಕ್’ ಎಂದರೆ ನಟ್ಟು ಸೋತಂತೆ. ಅರ್ಧ ಸುತ್ತು ಸಾಕು, ಉಳಿದದ್ದು ಜಾಕ್ ಏರಿದ ಮೇಲೆ. ಸ್ಪ್ಯಾನರ್ ಮೇಲೆ ಹತ್ತಿ ಕುಪ್ಪಳಿಸುವ ಸಾಹಸ ಮಾತ್ರ ಬೇಡ: ಅದು ಜಾರಿದರೆ ನಟ್ಟಿನ ಮೂಲೆಯೂ ಮೊಣಕಾಲೂ ಒಟ್ಟಿಗೆ ಸವೆಯುತ್ತವೆ. ಮರಳಿ ಬಿಗಿಯುವಾಗ ನಟ್ಟಿನ ತಿರುಪಿನಲ್ಲಿ ಉಳಿದ ಎಣ್ಣೆಯನ್ನು ಒರೆಸಿ, ಎದುರುಬದುರು ನಟ್ಟುಗಳನ್ನು ಸರದಿಯಂತೆ ಬಿಗಿಯಬೇಕು.